ಮನೆ ವ್ಯಾಲ್ಯುಯೇಷನ್ ಬೇಗ ಆಗಬೇಕಾದರೆ ಏನು ಮಾಡಬೇಕು? ತುಮಕೂರಿನವರು ದಯವಿಟ್ಟು ಹೇಳಿ

ಬಟವಾಡಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ. 11 ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಬಟವಾಡಿ ಕಡೆ ಒಂದು ಮನೆ ಒಪ್ಪಿದ್ದೇವೆ. 30-40 ಸೈಟು. ಕೆಳಗೆ ಮನೆ, ಮೇಲೆ ಒಂದು ಸಣ್ಣ ರೂಮು. ಕಟ್ಟಿ 20 ವರ್ಷ ಆಗಿದೆ. 48 ಲಕ್ಷಕ್ಕೆ ಮಾತಾಯಿತು. 4 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ. 90 ದಿನದೊಳಗೆ ರಿಜಿಸ್ಟ್ರೇಷನ್ ಆಗಬೇಕು.

ಇವತ್ತಿಗೆ 41 ದಿನ. ಸಂಬಳದ ಕಾಗದ, ಸಿಬಿಲ್ ಎಲ್ಲ ಸರಿ ಇದೆ ಅಂತ ಬ್ಯಾಂಕಿನವರು ಹೇಳಿದರು. ವ್ಯಾಲ್ಯುಯೇಷನ್ (ಬ್ಯಾಂಕಿನ ಕಡೆಯ ಎಂಜಿನಿಯರ್ ಬಂದು ಮನೆಗೆ ಬೆಲೆ ಕಟ್ಟುವುದು) ಒಂದು ಆದರೆ ಸಾಲ ಸ್ಯಾಂಕ್ಷನ್ ಆದ ಹಾಗೇ ಅಂದು 19 ದಿನ ಆಯಿತು. ಫೋನ್ ಮಾಡಿದಾಗಲೆಲ್ಲ "ಎಂಜಿನಿಯರ್‌ಗೆ ಹೇಳಿದ್ದೀವಿ ಮೇಡಂ, ಬರ್ತಾರೆ" ಅಂತಾರೆ. ಮಾರುವವರು ಒಳ್ಳೆಯವರೇ, ಆದರೆ ಅವರೂ ಮಗಳ ಮದುವೆಗೆ ಈ ದುಡ್ಡನ್ನೇ ನಂಬಿದ್ದಾರೆ. ದಿನಾ ಸಂಜೆ ಅವರ ಫೋನ್ ಬಂದರೆ ಎತ್ತೋಕೆ ಸಂಕಟ ಆಗುತ್ತೆ.

ನಮ್ಮ ಕಡೆಯಿಂದ ಏನು ಮಾಡಿದರೆ ಇದು ಬೇಗ ಆಗುತ್ತೆ? ಅನುಭವ ಇರುವವರು ಹೇಳಿ.

ಗುಬ್ಬಿ ಗೇಟ್

ಅಕ್ಕ, ನಮಗೂ ಹೀಗೇ ಆಗಿತ್ತು. ಫೋನಿನಲ್ಲಿ ಕೇಳಿದರೆ ಯಾವ ಉತ್ತರವೂ ಸಿಗಲ್ಲ. ನೇರವಾಗಿ ಹೋಗಿ ಮುಂದೆ ಕೂತುಕೊಳ್ಳಿ. ನಾನು ಹೋದ ದಿನವೇ ಗೊತ್ತಾಯಿತು, ನಮ್ಮ ಕಾಗದ ಎಂಜಿನಿಯರ್ ಕೈಗೆ ಹೋಗೇ ಇರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರ

ಮೇಡಂ, 31 ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ 9 ವರ್ಷ ಗೃಹಸಾಲದ ಟೇಬಲ್. ಗುಬ್ಬಿ ಗೇಟಿನವರು ಹೇಳಿದ್ದು ನಿಜ. ಫೈಲ್ ಹೇಗೆ ಓಡಾಡುತ್ತೆ ಅಂತ ಗೊತ್ತಾದರೆ ಎಲ್ಲಿ ನಿಂತಿದೆ ಅಂತಲೂ ಗೊತ್ತಾಗುತ್ತೆ.

ನೀವು ಅರ್ಜಿ ಕೊಡುವುದು ಶಾಖೆಯಲ್ಲಿ. ಸಾಲದ ಕೆಲಸ ನಡೆಯುವುದು ಹೆಚ್ಚಾಗಿ ಬೇರೆ ಕಡೆ, ಪ್ರೊಸೆಸಿಂಗ್ ಸೆಂಟರ್‌ನಲ್ಲಿ. ಅಲ್ಲಿಂದ ಎರಡು ದಾರಿ. ಒಂದು ಸೆಟ್ ಪ್ಯಾನೆಲ್ (ಬ್ಯಾಂಕ್ ಒಪ್ಪಿದ ಪಟ್ಟಿಯಲ್ಲಿರುವ) ವಕೀಲರಿಗೆ, ಅದನ್ನು ಲೀಗಲ್ ಅಂತೀವಿ. ಇನ್ನೊಂದು ಸೆಟ್ ಪ್ಯಾನೆಲ್ ಎಂಜಿನಿಯರ್‌ಗೆ, ಅದು ಟೆಕ್ನಿಕಲ್. ಎರಡೂ ಒಟ್ಟಿಗೆ ಶುರುವಾಗಬಹುದು. ಆದರೆ ಕೆಲವು ಕಡೆ ಲೀಗಲ್ ಮುಗಿಯುವವರೆಗೆ ಟೆಕ್ನಿಕಲ್ ಕೊಡುವುದಿಲ್ಲ. ಕಾಗದದಲ್ಲೇ ದೋಷ ಇದ್ದರೆ ಗಿರಾಕಿಗೆ ವ್ಯಾಲ್ಯುಯೇಷನ್ ಫೀಸು ದಂಡ ಆಗಬಾರದು ಅನ್ನುವ ಯೋಚನೆ ಅದು. ತಪ್ಪಲ್ಲ. ಆದರೆ ನಿಮಗೆ ದಿನ ಕಮ್ಮಿ ಇದೆ. "ಎರಡೂ ಒಟ್ಟಿಗೆ ಕೊಡಿ, ಫೀಸು ಹೋದರೆ ನನ್ನದು" ಅಂತ ಒಂದು ಪತ್ರ ಬರೆದುಕೊಡಿ. ನಾನಿದ್ದಾಗ ಇಂಥ ಪತ್ರ ಬಂದರೆ ಒಪ್ಪುತ್ತಿದ್ದೆವು.

ನಾಳೆ ಹೋದಾಗ ಮೂರು ಮಾತು ಕೇಳಿ. ಟೆಕ್ನಿಕಲ್ ಯಾವ ತಾರೀಖು ಯಾರಿಗೆ ಕೊಟ್ಟಿರಿ? ಜೊತೆಗೆ ಯಾವ ಯಾವ ಕಾಗದ ಹೋಗಿದೆ? ಮನೆ ತೋರಿಸುವವರು ಅಂತ ಯಾರ ಫೋನ್ ನಂಬರ್ ಬರೆದಿದ್ದೀರಿ? ಮೂರನೆಯದು ಸಣ್ಣ ವಿಷಯ ಅನಿಸಬಹುದು. ಎಷ್ಟೋ ಫೈಲುಗಳು ತಪ್ಪು ನಂಬರ್‌ನಿಂದಲೇ ವಾರಗಟ್ಟಲೆ ನಿಂತಿದ್ದನ್ನು ನಾನು ನೋಡಿದ್ದೇನೆ. ಎಂಜಿನಿಯರ್ ಫೋನ್ ಮಾಡುತ್ತಾರೆ, ಮಾರುವವರು ಯಾರೋ ಏಜೆಂಟ್ ಅಂದುಕೊಂಡು ಎತ್ತುವುದಿಲ್ಲ. ಅಲ್ಲಿಗೆ ಮುಗಿಯಿತು.

ಇನ್ನೊಂದು. ಪರಿಚಯದ ವ್ಯಾಲ್ಯುಯರ್ ಹತ್ತಿರ ವರದಿ ಮಾಡಿಸಿ ಕೊಡುತ್ತೇನೆ ಅಂತ ಹೊರಡಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಆ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಇಲ್ಲದಿದ್ದರೆ ವರದಿ ನಡೆಯಲ್ಲ.

ಪ್ಯಾನೆಲ್ ಎಂಜಿನಿಯರ್

ನಾನು ತುಮಕೂರು, ಗುಬ್ಬಿ, ಕೊರಟಗೆರೆ ಕಡೆ ವ್ಯಾಲ್ಯುಯೇಷನ್ ಮಾಡುತ್ತೇನೆ. ಟೀಚರ್ ಹೇಳಿದ ಮನೆ ನನ್ನ ಹತ್ತಿರ ಬಂದಿಲ್ಲ, ಹಾಗಾಗಿ ಬಿಚ್ಚಿ ಹೇಳಬಹುದು.

ಮನೆಗೆ ಬಂದು ನೋಡುವುದು ಮುಕ್ಕಾಲು ಗಂಟೆ ಕೆಲಸ. ತಡ ಆಗುವುದು ಅಲ್ಲಲ್ಲ. ಕ್ರಯಪತ್ರದಲ್ಲಿ ಒಂದು, ಖಾತೆಯಲ್ಲಿ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಒಂದು, ಪ್ಲಾನಿನಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಇದ್ದಾಗ ತಡ ಆಗುತ್ತೆ. ನಾಲ್ಕೂ ಒಂದೇ ಮಾತು ಹೇಳಿದರೆ ಅವತ್ತು ರಾತ್ರಿಯೇ ವರದಿ ಬರೆದು ಕಳಿಸಿಬಿಡುತ್ತೇನೆ. ಹೇಳದಿದ್ದರೆ ಬ್ಯಾಂಕಿಗೆ ಪ್ರಶ್ನೆ ಬರೆಯಬೇಕು, ಬ್ಯಾಂಕ್ ನಿಮ್ಮನ್ನು ಕೇಳಬೇಕು, ನೀವು ಮಾರುವವರನ್ನು ಕೇಳಬೇಕು. ಒಂದೊಂದು ಸುತ್ತಿಗೂ ಒಂದು ವಾರ ಹೋಗುತ್ತೆ.

ಅದಕ್ಕೇ ನಾವು ಬರುವ ಮೊದಲು ನೀವೇ ಒಂದು ಸಲ ನಮ್ಮ ಕೆಲಸ ಮಾಡಿ ನೋಡಿ. ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲ್ ಇರುತ್ತೆ. ಅದನ್ನು ಕೈಯಲ್ಲಿ ಹಿಡಿದು ಸೈಟಿನ ಮುಂದೆ ನಿಂತುಕೊಳ್ಳಿ. ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಓದಿ. ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದರೆ ಪೂರ್ವಕ್ಕೆ ರಸ್ತೆ ಇದೆಯಾ? ಉತ್ತರಕ್ಕೆ ಸೈಟ್ ನಂಬರ್ 14 ಅಂತ ಇದ್ದರೆ ಪಕ್ಕದವರ ನಂಬರ್ 14 ಹೌದಾ? ಆಮೇಲೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆಯಿರಿ. ಖಾತೆಯಲ್ಲಿರುವ ಹೆಸರು, ಕ್ರಯಪತ್ರದ ಹೆಸರು, ಬೆಸ್ಕಾಂ ಬಿಲ್ಲಿನ ಹೆಸರು ಮೂರೂ ಪಕ್ಕಪಕ್ಕ ಇಟ್ಟು ಇನಿಷಿಯಲ್ ಸಮೇತ ನೋಡಿ.

ಬೆಲೆ ಹಾಕುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯಲ್ಲಿ ಬರುವ ಅಂಕಿ ನೋಡಿ ಎಷ್ಟೋ ಜನ ಬೇಜಾರಾಗುತ್ತಾರೆ. ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಜಾಗಕ್ಕೆ ಅಕ್ಕಪಕ್ಕ ಇತ್ತೀಚೆಗೆ ಏನು ವ್ಯಾಪಾರ ಆಗಿದೆ ಅಂತ ವಿಚಾರಿಸುತ್ತೇವೆ. ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ ವರದಿಯಲ್ಲಿ ತೋರಿಸುತ್ತೇವೆ. ಅದು 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಗಿದೆ. ಕಟ್ಟಡಕ್ಕೆ ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟು ಅಂತ ಲೆಕ್ಕ ಹಾಕಿ, ವಯಸ್ಸಿಗೆ ತಕ್ಕ ಹಾಗೆ ಕಳೆಯುತ್ತೇವೆ. ಆರ್‌ಸಿಸಿ ಮನೆಗೆ 60 ವರ್ಷ ಆಯಸ್ಸು, ಕೊನೆಗೆ ಉಳಿಯುವ ಬೆಲೆ ಶೇ 10 ಅಂತ ಹಿಡಿದರೆ, 20 ವರ್ಷದ ಮನೆಗೆ ಶೇ 30 ಕಳೆಯುತ್ತೆ. 1,000 ಚದರಡಿ, ಅಡಿಗೆ 1,800 ರೂಪಾಯಿ ಅಂತ ಇಟ್ಟುಕೊಳ್ಳಿ. ಹೊಸದಾದರೆ 18 ಲಕ್ಷ. 20 ವರ್ಷ ಆಗಿದ್ದರೆ 12.60 ಲಕ್ಷ. ಗ್ರಾನೈಟ್ ಹಾಕಿಸಿದ್ದೇವೆ, ಪೂಜಾ ಕೋಣೆಗೆ ತೇಗದ ಬಾಗಿಲು ಇದೆ ಅಂತ ತೋರಿಸುತ್ತಾರೆ. ನೋಡುತ್ತೇವೆ, ಬರೆದುಕೊಳ್ಳುತ್ತೇವೆ. ಆದರೆ ಅದರಿಂದ ಲಕ್ಷಗಟ್ಟಲೆ ಏರಲ್ಲ.

ಮೇಲಿನ ರೂಮು ಪ್ಲಾನಿನಲ್ಲಿ ಇದೆಯಾ ಟೀಚರ್? ಇಲ್ಲದಿದ್ದರೆ ಈಗಲೇ ಬ್ಯಾಂಕಿಗೆ ಹೇಳಿಬಿಡಿ. ನಾವು ಬಂದು ಕಂಡುಹಿಡಿಯುವುದಕ್ಕಿಂತ ನೀವೇ ಹೇಳಿದರೆ ಒಂದು ಸುತ್ತು ಉಳಿಯುತ್ತೆ.

ಶಿರಾ ರೋಡ್

ಎಂಜಿನಿಯರ್ ಸರ್, ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬಂದವರ ಕೈಗೆ ಏನಾದರೂ ಕೊಟ್ಟರೆ ಬೇಗ ಆಗುತ್ತಾ? ನಮ್ಮ ಬೀದಿಯಲ್ಲಿ ಎಲ್ಲ ಹಾಗೇ ಹೇಳುತ್ತಾರೆ.

ಪ್ಯಾನೆಲ್ ಎಂಜಿನಿಯರ್

ಕೊಡಬೇಡಿ ಸರ್. ನಮ್ಮ ಫೀಸು ಬ್ಯಾಂಕ್ ಮೂಲಕವೇ ಬರುತ್ತೆ. ವರದಿಯ ಕೆಳಗೆ "ಈ ಆಸ್ತಿಯಲ್ಲಿ ನನಗೆ ಯಾವ ಹಿತಾಸಕ್ತಿಯೂ ಇಲ್ಲ" ಅಂತ ಬರೆದು ಸಹಿ ಹಾಕುತ್ತೇನೆ. ಕೈಗೆ ದುಡ್ಡು ತಗೊಂಡು ಆ ಸಾಲಿನ ಕೆಳಗೆ ಸಹಿ ಹಾಕೋದು ಹೇಗೆ? ದುಡ್ಡು ಕೇಳಿದವರು ಯಾರಾದರೂ ಇದ್ದರೆ ಬ್ಯಾಂಕಿಗೆ ಬರೆದುಕೊಡಿ, ಪ್ಯಾನೆಲ್‌ನಿಂದ ತೆಗೆಯುತ್ತಾರೆ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ಸಾಕು.

ಬಟವಾಡಿ ಟೀಚರ್

ಎಲ್ಲರಿಗೂ ಧನ್ಯವಾದ. ಇವತ್ತು ಅರ್ಧ ದಿನ ರಜ ಹಾಕಿ ಪ್ರೊಸೆಸಿಂಗ್ ಸೆಂಟರ್‌ಗೆ ಹೋಗಿದ್ದೆ. ಬ್ಯಾಂಕಿನ ಸರ್ ಹೇಳಿದ ಮೂರು ಪ್ರಶ್ನೆ ಕೇಳಿದೆ. ಎಂಜಿನಿಯರ್‌ಗೆ ಕೊಟ್ಟು 16 ದಿನ ಆಗಿದೆಯಂತೆ. ಕಳಿಸಿದ ಸೆಟ್‌ನಲ್ಲಿ ಪ್ಲಾನ್ ಪ್ರತಿಯೇ ಇರಲಿಲ್ಲ. ಅವರು ಅದನ್ನು ಕೇಳಿ ಮೇಲ್ ಹಾಕಿದ್ದಾರೆ, ಆ ಮೇಲ್ ಯಾರೂ ತೆರೆದಿಲ್ಲ. ನನ್ನ ಚೀಲದಲ್ಲೇ ಪ್ಲಾನ್ ಇತ್ತು. ಅಲ್ಲೇ ಕೊಟ್ಟೆ. ಎರಡು ನಿಮಿಷದ ಕೆಲಸಕ್ಕೆ 16 ದಿನ. ಮನಸ್ಸಿಗೆ ತುಂಬಾ ನೋವಾಯಿತು.

ಸಂಜೆ ಯಜಮಾನರು, ನಾನು, ಮಾರುವವರು ಮೂರೂ ಜನ ಕೂತು ಕಾಗದ ಜೋಡಿಸಿ ನೋಡಿದೆವು. ಚೆಕ್ಕುಬಂದಿ ಸರಿ ಇದೆ. ಹೆಸರು ಸರಿ ಇದೆ. ಮೇಲಿನ ರೂಮು ಪ್ಲಾನಿನಲ್ಲಿ ಇಲ್ಲ, ಅದನ್ನು ಬರೆದು ಕೊಡುತ್ತೇವೆ. ಆದರೆ ಅಳತೆಯಲ್ಲಿ ಒಂದು ಬಂತು. ಕ್ರಯಪತ್ರದಲ್ಲಿ 30 ಅಡಿ, 40 ಅಡಿ ಅಂತ ಇದೆ. ಇ-ಖಾತಾದಲ್ಲಿ 9 ಮೀಟರ್, 12 ಮೀಟರ್, ಒಟ್ಟು 108 ಚದರ ಮೀಟರ್ ಅಂತ ಇದೆ. ಇದು ಸರಿನಾ?

ಪತ್ರ ಬರಹಗಾರ

ಸರಿ ಇಲ್ಲಮ್ಮ. 30 ಅಡಿ ಅಂದರೆ 9.144 ಮೀಟರ್. 40 ಅಡಿ ಅಂದರೆ 12.192 ಮೀಟರ್. 1,200 ಚದರಡಿಗೆ 111.48 ಚದರ ಮೀಟರ್ ಬರಬೇಕು. 108 ಅಂದರೆ 1,162 ಚದರಡಿ ಚಿಲ್ಲರೆ. ಅಂದರೆ 37 ಚದರಡಿ ಮಾಯ. ಅರ್ಜಿ ತುಂಬುವಾಗ ಚುಕ್ಕಿ ಆದಮೇಲಿನದು ಯಾಕೆ ಅಂತ ಯಾರೋ ಬಿಟ್ಟಿದ್ದಾರೆ.

ಬಟವಾಡಿ ಟೀಚರ್

ಹೌದು ಸರ್. ಮಾರುವವರೇ ಹೇಳಿದರು, ಖಾತೆಗೆ ಅರ್ಜಿ ಬರೆದದ್ದು ಅವರ ಕೈಯಿಂದಲೇ ಅಂತ. ಪಾಪ, ತುಂಬಾ ನೊಂದುಕೊಂಡರು. "ನೆಲ ಅಲ್ಲೇ ಇದೆಯಲ್ಲಮ್ಮ, ಎಲ್ಲಿ ಹೋಗುತ್ತೆ" ಅಂತ ಎರಡು ಮೂರು ಸಲ ಅಂದರು.

ಪತ್ರ ಬರಹಗಾರ

ನೆಲ ಇರುತ್ತಮ್ಮ, ಆದರೆ ಬ್ಯಾಂಕ್ ಯಾವುದು ಕಮ್ಮಿ ಇದೆಯೋ ಅದನ್ನೇ ಹಿಡಿಯುತ್ತೆ. ಮುಂದೆ ನೋಂದಣಿಗೂ ಇ-ಖಾತಾ ಬೇಕೇ ಬೇಕು. ಅಲ್ಲಿನ ಅಳತೆಯೇ ಕ್ರಯಪತ್ರಕ್ಕೆ ಬಂದರೆ ನಿಮ್ಮ ಹೆಸರಿಗೆ 37 ಚದರಡಿ ಕಮ್ಮಿ ಬರೆಸಿಕೊಂಡ ಹಾಗೆ. ಹಾಗಾಗಿ ಬ್ಯಾಂಕ್ ಕೇಳಲಿ ಬಿಡಲಿ, ಇದನ್ನು ಸರಿ ಮಾಡಿಸಲೇಬೇಕು.

ನಾಳೆಯೇ ಮಾರುವವರ ಹೆಸರಿನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿಸಿ. ಅವರೇ ಹಾಕಬೇಕು, ಖಾತೆದಾರರು ಅವರು. ಜೊತೆಗೆ ಕ್ರಯಪತ್ರದ ಪ್ರತಿ, ಬಡಾವಣೆ ನಕ್ಷೆಯಲ್ಲಿ ಆ ಸೈಟು ಇರುವ ಹಾಳೆ, ಈ ವರ್ಷದ ಕಂದಾಯ ರಸೀದಿ ಇಡಿ. ಸ್ವೀಕೃತಿ ಸಂಖ್ಯೆ ಇಲ್ಲದೆ ಎದ್ದು ಬರಬೇಡಿ. ಆ ಸ್ವೀಕೃತಿಯ ಪ್ರತಿಯನ್ನು ಬ್ಯಾಂಕಿಗೂ ಎಂಜಿನಿಯರ್‌ಗೂ ಕೊಡಿ. ಅಷ್ಟರೊಳಗೆ ಅವರು ಬಂದು ಅಳತೆ ಮಾಡಿಕೊಂಡು ಹೋಗಲಿ. ವರದಿ ಮಾತ್ರ ಹೊಸ ಖಾತೆ ಬಂದಮೇಲೆ ಕೊಡಲಿ. ಒಂದು ಮುಗಿದಮೇಲೆ ಇನ್ನೊಂದು ಅಂತ ಕಾಯಬೇಡಿ.

ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೀರಾ? 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗುತ್ತೆ. ಅದಕ್ಕೂ ಹಿಂದಿನದು ಲೀಗಲ್‌ನವರು ಕೇಳಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕ ನೋಡಿ ಬರೆದುಕೊಡಬೇಕು. ಅದಕ್ಕೆ ದಿನ ಹಿಡಿಯುತ್ತೆ. ವಕೀಲರು ಎಷ್ಟು ವರ್ಷದ್ದು ಕೇಳುತ್ತಾರೆ ಅಂತ ಇವತ್ತೇ ತಿಳಿದುಕೊಳ್ಳಿ.

ಹೆಗ್ಗೆರೆ

ಇದನ್ನು ಓದುತ್ತಾ ನನ್ನದೂ ನೆನಪಾಯಿತು. ನಾನು ಸೈಟು ತಗೊಂಡಾಗ ಅದು ಪಂಚಾಯಿತಿ ವ್ಯಾಪ್ತಿ. ಅಲ್ಲಿ ಇ-ಸ್ವತ್ತು, ನಮೂನೆ 9, ನಮೂನೆ 11 ನೋಡಬೇಕು. ನನಗೆ ಕೊಟ್ಟಿದ್ದು ಬರೀ 11ಬಿ, ಅಂದರೆ ಸಕ್ರಮ ಅಲ್ಲದ ಆಸ್ತಿಗೆ ಕೊಡುವ ನಮೂನೆ. ಮಾರಿದವರು "ಎಲ್ಲ ಒಂದೇ, ಬ್ಯಾಂಕ್ ಸಾಲ ಸಿಗುತ್ತೆ" ಅಂದರು, ನಂಬಿದೆ. ಟೆಕ್ನಿಕಲ್ ಫೀಸು, ಲೀಗಲ್ ಫೀಸು ಎಲ್ಲ ಕಟ್ಟಿದ ಮೇಲೆ ಬ್ಯಾಂಕ್ ಆಗಲ್ಲ ಅಂತು. ಕೃಷಿ ಜಮೀನು ಪರಿವರ್ತನೆ ಆಗದೆ ಮಾಡಿದ ಸೈಟು ಅದು. ಆರು ತಿಂಗಳು ಹೋಯಿತು, ದುಡ್ಡೂ ಹೋಯಿತು. ಹೊರವಲಯದಲ್ಲಿ ಮನೆ ನೋಡುತ್ತಿರುವವರು ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲೇ ಭೂಪರಿವರ್ತನೆ ಆದೇಶ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಎರಡನ್ನೂ ಕಣ್ಣಾರೆ ನೋಡಿ.

ಕ್ಯಾತ್ಸಂದ್ರ

ಮಾರುವವರ ಮನೆ ಮೇಲೆ ಹಳೇ ಸಾಲ ಇದ್ದರೆ ಅದನ್ನೂ ಈಗಲೇ ಕೇಳಿಕೊಳ್ಳಿ ಅಕ್ಕ. ನಮಗೆ ಮೂಲ ಪತ್ರ ಬೇರೆ ಬ್ಯಾಂಕಿನಲ್ಲಿತ್ತು. ಸಾಲ ಪೂರ್ತಿ ತೀರಿದಮೇಲೆ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. 2023ರ ಡಿಸೆಂಬರ್ 1ರಿಂದ ಜಾರಿ. ಇದನ್ನು ಪತ್ರದಲ್ಲಿ ಬರೆದು ಕೊಟ್ಟಮೇಲೆ ನಮ್ಮದು ಬೇಗ ಆಯಿತು.

ಬಟವಾಡಿ ಟೀಚರ್

ಇಲ್ಲ ಅಕ್ಕ, ಅವರ ಸಾಲ ತೀರಿ ತುಂಬಾ ದಿನ ಆಗಿದೆ, ಪತ್ರ ಮನೆಯಲ್ಲೇ ಇದೆ.

ಇವತ್ತು ಎಂಜಿನಿಯರ್ ಬಂದಿದ್ದರು, 46ನೇ ದಿನ. ಬೆಳಿಗ್ಗೆ ಎಂಟಕ್ಕೇ ಬಂದರು. ನಾವು ಏಳಕ್ಕೇ ಹೋಗಿ ಬಾಗಿಲ ಹತ್ತಿರ ಎಲ್ಲ ಕಾಗದ ಒಂದು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದೆವು. ಮೇಲಿನ ರೂಮಿನ ಬೀಗದ ಕೈ ಹಿಂದಿನ ದಿನವೇ ತರಿಸಿದ್ದೆ.

ಅವರು ಮೊದಲು ಒಳಗೆ ಬರಲೇ ಇಲ್ಲ. ರಸ್ತೆಯಲ್ಲಿ ನಿಂತು ಎಡಕ್ಕೆ ಬಲಕ್ಕೆ ನೋಡಿ, ಪಕ್ಕದ ಮನೆಯವರನ್ನು ಅವರ ಸೈಟ್ ನಂಬರ್ ಕೇಳಿದರು. ಆಮೇಲೆ ರಸ್ತೆಯ ಅಗಲ ಅಳೆದರು. ಕಾಂಪೌಂಡ್ ಗೋಡೆಗೆ ಟೇಪಿನ ತುದಿ ಹಿಡಿಯಲು ನಮ್ಮ ಮಗನನ್ನೇ ಕರೆದರು. ಮುಂದೆ 30 ಅಡಿ 1 ಇಂಚು, ಹಿಂದೆ 30 ಅಡಿ ಸರಿಯಾಗಿ. ಅವನು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಸಂಪಿನ ಮುಚ್ಚಳ ತೆಗೆಸಿ ನೋಡಿದರು. ಬೆಸ್ಕಾಂ ಮೀಟರಿನ ಆರ್‌ಆರ್ ನಂಬರ್ ಫೋಟೋ ತೆಗೆದರು. ಅಡುಗೆಮನೆ ಸಜ್ಜದ ಕೆಳಗೆ ತೇವ ಇದ್ದ ಜಾಗವನ್ನು ಕೈಯಿಂದ ಮುಟ್ಟಿ ನೋಡಿ ಏನೋ ಬರೆದುಕೊಂಡರು. ನಾನು ಅದರ ಮುಂದೆ ಡಬ್ಬ ಜೋಡಿಸಬಹುದಿತ್ತು. ಜೋಡಿಸಲಿಲ್ಲ. ನಾವೇ ವಾಸ ಮಾಡುವ ಮನೆ ಅಲ್ವಾ, ಇರುವುದು ಗೊತ್ತಾಗಲಿ ಅನಿಸಿತು.

ಮೇಲಿನ ರೂಮು ಪ್ಲಾನಿನಲ್ಲಿ ಇಲ್ಲ ಅಂತ ಮೊದಲೇ ಬರೆದುಕೊಟ್ಟಿದ್ದಕ್ಕೆ "ಒಳ್ಳೆಯದಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯಲ್ಲ, ಷರಾ ಬರೆಯುತ್ತೇನೆ" ಅಂದರು. ಮಜ್ಜಿಗೆ ಕುಡಿದರು. ಹೊರಡುವಾಗ ಖಾತೆ ಸರಿಯಾದ ದಿನವೇ ಕಳಿಸಿ, ಮರುದಿನ ವರದಿ ಕೊಡುತ್ತೇನೆ ಅಂದರು.

ನಿವೃತ್ತ ಬ್ಯಾಂಕ್ ನೌಕರ

ತುಂಬಾ ಒಳ್ಳೆಯ ಕೆಲಸ ಮಾಡಿದಿರಿ ಮೇಡಂ. ಕಾಯುವ ಈ ದಿನಗಳಲ್ಲಿ ಇನ್ನೊಂದು ಲೆಕ್ಕ ಮಾಡಿಟ್ಟುಕೊಳ್ಳಿ. ಗೃಹಸಾಲ 30 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ 80. ಅದಕ್ಕೂ ಮೇಲೆ ಶೇ 75. ಇದು ರಿಸರ್ವ್ ಬ್ಯಾಂಕಿನ ಮಿತಿ. ಅಗ್ರಿಮೆಂಟ್ ಬೆಲೆ, ವ್ಯಾಲ್ಯುಯೇಷನ್ ಬೆಲೆ ಎರಡರಲ್ಲಿ ಕಮ್ಮಿ ಇರುವುದಕ್ಕೆ ಬ್ಯಾಂಕ್ ಇದನ್ನು ಹಚ್ಚುತ್ತೆ. ಸ್ಟಾಂಪು, ನೋಂದಣಿ ಖರ್ಚು ನಿಮ್ಮ ಮನೆ ಬೆಲೆಗೆ ಸೇರಲ್ಲ. 48 ಲಕ್ಷಕ್ಕೆ ಸ್ಟಾಂಪು, ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಒಟ್ಟು 3,64,800 ರೂಪಾಯಿ ಕೈಯಿಂದ. ವ್ಯಾಲ್ಯುಯೇಷನ್ ಒಂದೆರಡು ಲಕ್ಷ ಕಮ್ಮಿ ಬಂದರೆ ಎಲ್ಲಿಂದ ತರುತ್ತೀರಿ ಅಂತ ಈಗಲೇ ಯೋಚಿಸಿ. ಆಗ ಓಡಾಡಿದರೆ ಇನ್ನೂ 15 ದಿನ ಹೋಗುತ್ತೆ.

ಬಟವಾಡಿ ಟೀಚರ್

ಸರ್, ನೀವು ಹೇಳಿದ್ದು ಒಳ್ಳೆಯದಾಯಿತು. 58ನೇ ದಿನ ಖಾತೆ ತಿದ್ದಿ ಬಂತು, 111.48 ಅಂತ. 60ನೇ ದಿನ ವರದಿ ಬ್ಯಾಂಕಿಗೆ ಹೋಯಿತು. 46 ಲಕ್ಷ ಹಾಕಿದ್ದಾರೆ. ಅದರ ಶೇ 80 ಅಂದರೆ 36.80 ಲಕ್ಷ. ನಾವು 38.40 ಅಂದುಕೊಂಡಿದ್ದೆವು. 1.60 ಲಕ್ಷ ಕಮ್ಮಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಶಾಲೆಯ ಸೊಸೈಟಿಯಲ್ಲಿ ನನ್ನ ಉಳಿತಾಯ ತೆಗೆಯಲು ಅರ್ಜಿ ಕೊಟ್ಟೆ. ಉಳಿದದ್ದಕ್ಕೆ ನಮ್ಮಣ್ಣ ಕೇಳದೆಯೇ ಕಳಿಸಿದ.

ಶಿರಾ ರೋಡ್

ಕಮ್ಮಿ ಬಂದರೆ ಇನ್ನೊಂದು ಸಲ ಮಾಡಿಸಿ ಅಂತ ಕೇಳಬಹುದಲ್ವಾ?

ಪ್ಯಾನೆಲ್ ಎಂಜಿನಿಯರ್

ಕೇಳಬಹುದು. ಅದಕ್ಕೆ ಕಾರಣ ಬೇಕು. ಪಕ್ಕದಲ್ಲೇ, ಅದೇ ಅಳತೆಯ ಸೈಟು ಜಾಸ್ತಿ ಬೆಲೆಗೆ ನೋಂದಣಿ ಆಗಿದ್ದರೆ ಆ ಕ್ರಯಪತ್ರದ ಪ್ರತಿ ಕೊಡಿ, ಖಂಡಿತ ನೋಡುತ್ತಾರೆ. ಸುಮ್ನೆ ಜಾಸ್ತಿ ಮಾಡಿ ಅಂದರೆ ಆಗಲ್ಲ. ಟೀಚರ್‌ಗೆ ಉಳಿದಿರುವುದು 30 ದಿನ. ಅವರ ಜಾಗದಲ್ಲಿ ನಾನಿದ್ದರೂ ಅವರು ಮಾಡಿದ್ದನ್ನೇ ಮಾಡುತ್ತಿದ್ದೆ.

ಗುಬ್ಬಿ ಗೇಟ್

ಬ್ಯಾಂಕಿನವರು ಏನೂ ಉತ್ತರ ಕೊಡದೆ ಎಳೆದರೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ಮುಂದೆ ಓದುವವರಿಗೆ ಬೇಕಾಗುತ್ತೆ ಅಂತ ಹಾಕಿದ್ದೇನೆ.

ಬಟವಾಡಿ ಟೀಚರ್

64ನೇ ದಿನ ಸ್ಯಾಂಕ್ಷನ್ ಲೆಟರ್ ಕೈಗೆ ಬಂತು. ಕಾವೇರಿಯಲ್ಲಿ ಸ್ಲಾಟ್ ಸಿಕ್ಕಿದ್ದು 78ನೇ ದಿನಕ್ಕೆ. ಇವತ್ತು ಬೆಳಿಗ್ಗೆ ರಿಜಿಸ್ಟ್ರೇಷನ್ ಆಯಿತು. ಮಾರುವವರಿಗೆ ಡಿಡಿ ಕೊಟ್ಟಾಗ ಅವರ ಕಣ್ಣಲ್ಲೂ ನೀರು, ನಮ್ಮ ಕಣ್ಣಲ್ಲೂ ನೀರು.

ಪತ್ರ ಬರಹಗಾರ ಸರ್, ಒಂದು ಕೇಳುವುದಿತ್ತು. ಅವರಿಗೆ ಮರಳೂರು ಕಡೆ ಇನ್ನೊಂದು ಸೈಟು ಇದೆಯಂತೆ. ಅದರ ಖಾತೆಯಲ್ಲೂ 9 ಮತ್ತು 12 ಅಂತಲೇ ಇದೆ. ಈಗ ಮಾರುವ ಯೋಚನೆ ಇಲ್ಲ, ಆದರೂ ಸರಿ ಮಾಡಿಸುತ್ತೇನೆ ಅಂತಿದ್ದಾರೆ. ಇದೇ ಕಾಗದ ಸಾಕಾ?

ಪತ್ರ ಬರಹಗಾರ

ಸಾಕಮ್ಮ. ಈ ವರ್ಷದ ಕಂದಾಯ ಕಟ್ಟಿ ರಸೀದಿ ಇಟ್ಟುಕೊಂಡು ಹೋಗಲಿ. ಕ್ರಯಪತ್ರದ ಷೆಡ್ಯೂಲ್ ಇರುವ ಹಾಳೆಯನ್ನು ಮರೆಯದೆ ತಗೊಂಡು ಹೋಗಲು ಹೇಳಿ.